ನನ್ನ ಎಕ್ಸೆಲ್ ಶೀಟ್‌ನಲ್ಲಿ ಗಂಡು ಕರುವಿಗೆ ಕಾಲಂ ಇರಲಿಲ್ಲ



ಸಾಮಾನ್ಯವಾಗಿ ನಾನಿಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಎಸ್‌ಐಪಿ, ಕ್ರೆಡಿಟ್ ಕಾರ್ಡ್, ಮೊದಲ ಸಂಬಳ, ಹೀಗೆ. ಹೋದ ತಿಂಗಳು ಮಾತಿನ ಭರದಲ್ಲಿ "ನಾನು ಹಸು ಸಾಕಿ ಕೈ ಸುಟ್ಕೊಂಡೋನು" ಅಂದುಬಿಟ್ಟೆ. ಆಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಬಗ್ಗೆಯೇ. "ಬ್ರೋ, ನಾನೂ ಕೆಲಸ ಬಿಟ್ಟು ಊರಿಗೆ ಹೋಗಿ ಡೈರಿ ಮಾಡೋಣ ಅಂತಿದ್ದೀನಿ, ಎಷ್ಟು ಬಂಡವಾಳ ಬೇಕು?" ಅಂತ ಒಬ್ಬರು. "ಏನ್ ತಪ್ಪು ಮಾಡಿದ್ರಿ ಹೇಳಿ, ನಾವು ಮಾಡಲ್ಲ" ಅಂತ ಇನ್ನೊಬ್ಬರು. ಈ ಎರಡನೆಯವರ ಪ್ರಶ್ನೆ ಇಷ್ಟ ಆಯ್ತು. ಅದಕ್ಕೇ ಈ ಎಪಿಸೋಡ್. ಸ್ವಲ್ಪ ಉದ್ದ ಆಗಬಹುದು, ಮತ್ತೆ ಮಧ್ಯದಲ್ಲಿ ಒಂದು ಕಡೆ ಕಷ್ಟದ ವಿಷಯ ಬರುತ್ತೆ. ಊಟ ಮಾಡ್ತಾ ಕೇಳ್ತಿದ್ರೆ ಊಟ ಮುಗಿಸಿ ಬನ್ನಿ.

ನಮ್ಮೂರು ಕುಣಿಗಲ್ ತಾಲ್ಲೂಕು. ಬಿ.ಕಾಂ ಮುಗಿಸಿ ಬೆಂಗಳೂರಲ್ಲಿ ಒಬ್ಬ ಆಡಿಟರ್ ಹತ್ರ ಕೆಲಸಕ್ಕಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಸಂಬಳ ಅರ್ಧ ಆಯ್ತು, ಪಿಜಿ ಬಾಡಿಗೆ ಅರ್ಧ ಆಗಲಿಲ್ಲ. ಜೂನ್‌ನಲ್ಲಿ ಊರಿಗೆ ಬಂದೆ. ಕೈಯಲ್ಲಿ ಫೋನು, ತಲೇಲಿ ಟೈಮು. ಯೂಟ್ಯೂಬ್‌ನಲ್ಲಿ "10 ಹಸು, ತಿಂಗಳಿಗೆ ಲಕ್ಷ" ಅನ್ನೋ ಥರದ ವಿಡಿಯೋ ಒಂದಾದ ಮೇಲೊಂದು ಬರ್ತಿತ್ತು. ನಾನು ಕಾಮರ್ಸ್ ಹುಡುಗ ಅಲ್ವಾ, ಸುಮ್ಮನೆ ನಂಬಲಿಲ್ಲ. ಎಕ್ಸೆಲ್ ಹಾಕಿ ನೋಡಿ ನಂಬಿದೆ.

ಆ ಶೀಟ್ ಇವತ್ತಿಗೂ ನನ್ನ ಡ್ರೈವ್‌ನಲ್ಲಿದೆ. 6 ಹಸು, ಒಂದೊಂದು ದಿನಕ್ಕೆ 15 ಲೀಟರ್, 30 ದಿನ, ಪ್ರೋತ್ಸಾಹಧನ ಸೇರಿಸಿ ಲೀಟರ್‌ಗೆ 30 ರೂಪಾಯಿ. ಒಟ್ಟು 81,000. ಮೇವು, ಫೀಡು 35,000. ಡಾಕ್ಟರ್ 2,000. ಕರೆಂಟು, ಇತರೆ 2,000. ಉಳಿತಾಯ 42,000. ಬೆಂಗಳೂರಲ್ಲಿ ನನ್ನ ಸಂಬಳ ಇದ್ದದ್ದು 19,000. ಅಪ್ಪನಿಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಅಪ್ಪ ತುಂಬಾ ಹೊತ್ತು ನೋಡಿ, "ಹಸು ವರ್ಷಪೂರ್ತಿ ಒಂದೇ ಸಮ ಹಾಲು ಕೊಡುತ್ತೇನೋ?" ಅಂದರು. ಮಾರ್ಜಿನ್ ಇಟ್ಟಿದ್ದೀನಿ ಅಪ್ಪಾ ಅಂದೆ. ಇಟ್ಟಿರಲಿಲ್ಲ.

ಆರು ಲಕ್ಷ ಸಾಲ, ಅಪ್ಪನ ಉಳಿತಾಯದಿಂದ ಮೂರು ಲಕ್ಷ. ಶೆಡ್ಡು, ಮೇವು ಕತ್ತರಿಸೋ ಯಂತ್ರ, ಆರು ಎಚ್‌ಎಫ್ ಮಿಶ್ರತಳಿ ಹಸು. ಗೌರಿ ಹಬ್ಬದ ವಾರ ಮೊದಲ ಹಸು ಬಂತು, ಜೊತೇಲಿ ಒಂದು ತಿಂಗಳ ಹೆಣ್ಣು ಕರು. ಅಮ್ಮ ಅದಕ್ಕೆ ಗೌರಿ ಅಂತಲೇ ಹೆಸರಿಟ್ಟರು.

ಈ ಗೌರಿನ ನಾನು ಕೊಂಡಿದ್ದು 72,000ಕ್ಕೆ, ಒಬ್ಬ ದಲ್ಲಾಳಿ ಮೂಲಕ. "ಎರಡನೇ ಸೂಲು, 16 ಲೀಟರ್ ಗ್ಯಾರಂಟಿ" ಅಂದ. ಕೆಚ್ಚಲು ನೋಡಿದ್ರೆ ಮಡಕೆ ಥರ ತುಂಬಿತ್ತು. ಮಾರಾಟದ ದಿನ ಬೆಳಿಗ್ಗೆ ಹಾಲು ಕರೆಯದೆ ಬಿಟ್ರೆ ಯಾವ ಹಸುವಿನ ಕೆಚ್ಚಲಾದ್ರೂ ಹಾಗೇ ಕಾಣುತ್ತೆ ಅನ್ನೋದು ಗೊತ್ತಿರಲಿಲ್ಲ. ಈಗ ಯಾರಾದ್ರೂ ಕೇಳಿದ್ರೆ ಒಂದೇ ಮಾತು ಹೇಳ್ತೀನಿ: ಮಾರೋರ ಮನೇಲೇ ಒಂದು ರಾತ್ರಿ ಇದ್ದುಬಿಡಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಮೂರು ಸಲ ನಿಮ್ಮ ಕಣ್ಣೆದುರೇ ಕರೆಸಿ, ನೀವೇ ಅಳೆದು ನೋಡಿ. ಕೊನೆಯ ಎರಡು ಸಲದ ಲೆಕ್ಕ ಸೇರಿಸಿ, ಅದು ಆ ಹಸುವಿನ ದಿನದ ಹಾಲು. ಹಲ್ಲು ನೋಡೋಕೆ ಗೊತ್ತಿರೋರನ್ನ ಜೊತೆಗೆ ಕರ್ಕೊಂಡು ಹೋಗಿ. ನಾವು ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋವಾಗ ಮೆಕ್ಯಾನಿಕ್‌ನ ಕರ್ಕೊಂಡು ಹೋಗ್ತೀವಿ, ಹಸು ತಗೊಳ್ಳೋಕೆ ಮಾತ್ರ ಫೋಟೋ ನೋಡಿ ಅಡ್ವಾನ್ಸ್ ಹಾಕ್ತೀವಿ.

ಆದರೂ ಗೌರಿ ಒಳ್ಳೇ ಹಸು. ನಮ್ಮ ಮನೇಲಿ ಕೆಲವು ವಾರ 16 ಲೀಟರ್ ಕೊಟ್ಟಳು. ಇಲ್ಲೇ ನನ್ನ ಎಕ್ಸೆಲ್ ಸೋತಿದ್ದು, ಸ್ವಲ್ಪ ನಿಧಾನಕ್ಕೆ ಕೇಳಿ. ಹಸು ಕರು ಹಾಕಿದ ಮೇಲೆ ಒಂದೂವರೆ ಎರಡು ತಿಂಗಳಿಗೆ ಹಾಲು ಅತಿ ಹೆಚ್ಚು ಬರುತ್ತೆ. ಅದು ಶಿಖರ. ಅಲ್ಲಿಂದ ಇಳಿಜಾರು. ಶಿಖರದ ಹಾಲನ್ನ 200ರಿಂದ ಗುಣಿಸಿದ್ರೆ ಆ ಸೂಲಿನ ಒಟ್ಟು ಹಾಲಿನ ಒಂದು ಅಂದಾಜು ಸಿಗುತ್ತೆ ಅಂತ ಹೈನುಗಾರಿಕೆಯಲ್ಲಿ ಒಂದು ಒರಟು ಲೆಕ್ಕ ಇದೆ. 16 ಲೀಟರ್ ಅಂದ್ರೆ 3,200 ಲೀಟರ್. ಇದನ್ನ ಭಾಗಿಸಬೇಕಾದ್ದು ಹಾಲು ಕೊಡೋ ಹತ್ತು ತಿಂಗಳಿಂದ ಅಲ್ಲ. ಒಂದು ಕರುವಿಂದ ಇನ್ನೊಂದು ಕರುವಿನವರೆಗೆ ಎಷ್ಟು ದಿನ ಆಯ್ತೋ ಅದರಿಂದ, ಯಾಕಂದ್ರೆ ಅಷ್ಟೂ ದಿನ ಅದು ಮೇವು ತಿಂತಾ ಇರುತ್ತೆ. ಚೆನ್ನಾಗಿ ನಡೆದ್ರೆ ಅದು 13 ತಿಂಗಳು. ಗೌರಿ ವಿಷಯದಲ್ಲಿ 16 ತಿಂಗಳಾಯ್ತು, ಸುಮಾರು 485 ದಿನ. ಭಾಗಿಸಿ ನೋಡಿ. ದಿನಕ್ಕೆ ಆರೂವರೆ ಲೀಟರ್. ನಾನು 15 ಅಂತ ಬರೆದಿದ್ದೆ.

16 ತಿಂಗಳು ಯಾಕಾಯ್ತು? ನಾನು ನೋಡಲಿಲ್ಲ, ಅದಕ್ಕೆ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಆ ಬೆದೆ ಇರೋದು ಹೆಚ್ಚೂ ಕಮ್ಮಿ 12ರಿಂದ 18 ಗಂಟೆ. ಕೂಗುತ್ತೆ, ಬೇರೆ ಹಸು ಮೇಲೆ ಹತ್ತೋಕೆ ಹೋಗುತ್ತೆ, ಲೋಳೆ ಬರುತ್ತೆ. ಬೆಳಿಗ್ಗೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ ಇಂಜೆಕ್ಷನ್ ಹಾಕಿಸಬೇಕು. ಕೆಲವು ಹಸು, ಅದರಲ್ಲೂ ಬೇಸಿಗೇಲಿ, ಕೂಗೋದೂ ಇಲ್ಲ, ಸದ್ದಿಲ್ಲದೆ ಬಂದು ಹೋಗಿಬಿಡುತ್ತೆ. ನಾನು ಬೆಳಿಗ್ಗೆ 5ಕ್ಕೆ ಎದ್ದು ಕರೆದು, ಡೇರಿಗೆ ಹಾಕಿ, ಬಂದು ಮಲಗಿಬಿಡ್ತಿದ್ದೆ. ಒಂದು ಬೆದೆ ತಪ್ಪಿದ್ರೆ 21 ದಿನ ಹೋಯ್ತು. ದಿನಕ್ಕೆ 180 ರೂಪಾಯಿ ಮೇವು ಅಂದ್ರೆ 3,780 ರೂಪಾಯಿ. ಗೌರಿಗೆ ನಾಲ್ಕು ಸಲ ತಪ್ಪಿಸಿದೆ. ಇದು ಯಾವ ಬಿಲ್‌ನಲ್ಲೂ ಬರಲ್ಲ ನೋಡಿ, ಯಾರೂ ಬಂದು ದುಡ್ಡು ಕೇಳಲ್ಲ. ಅದಕ್ಕೇ ಹೋಗಿದ್ದು ಗೊತ್ತಾಗಲ್ಲ.

ಶೆಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಕಡಿಮೆ ಖರ್ಚಲ್ಲಿ ಆಗಲಿ ಅಂತ ಶೀಟ್ ತಗ್ಗಾಗಿ ಹಾಕಿಸಿದೆ. ಏಪ್ರಿಲ್‌ನಲ್ಲಿ ಒಳಗೆ ಹೋದ್ರೆ ಇಡ್ಲಿ ಪಾತ್ರೆ. ಎಚ್‌ಎಫ್ ತಂಪು ದೇಶದ ತಳಿ, ಅದಕ್ಕೆ ಸೆಕೆ ಆಗಲ್ಲ. ಹಾಲು ಇಳೀತು. ಆಮೇಲೆ ಫ್ಯಾನು, ಸ್ಪ್ರಿಂಕ್ಲರು, ಉಳಿಸಿದ್ದರ ಎರಡರಷ್ಟು ಖರ್ಚು. ಎತ್ತರ ಮಾಡಿ, ಗಾಳಿ ಬಿಡಿ, ಅಷ್ಟೇ.

ಹಾ, ಒಂದು ತಮಾಷೆ. 2021ರ ಸಂಕ್ರಾಂತಿ. ನಮ್ಮ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಅಲಂಕಾರ ಮಾಡಿ ಕಿಚ್ಚು ಹಾಯಿಸ್ತಾರೆ, ಹುಲ್ಲಿಗೆ ಬೆಂಕಿ ಹಾಕಿ ಅದರ ಮೇಲೆ ಹಾರಿಸೋದು. ಪಕ್ಕದ ಮನೆಯವರ ಹಳ್ಳಿಕಾರ್ ಹೋರಿಗಳು ಬಾಣದ ಹಾಗೆ ಹಾರಿದವು. ನಮ್ಮ ಆರು ಜನ ಎಚ್‌ಎಫ್ ಮೇಡಂಗಳು ಬೆಂಕಿ ಮುಂದೆ ನಿಂತು ಮೆಲುಕು ಹಾಕ್ತಿದ್ರು. ಒಂದು ಹೂವಿನ ಹಾರ ತಿಂದ್ಬಿಡ್ತು. ಊರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಹೋರಿಗಳನ್ನ ನೋಡಿದ್ದು ಆಮೇಲೆ ಬಹಳ ನೆನಪಾಯ್ತು, ಯಾಕೆ ಅಂತ ಹೇಳ್ತೀನಿ.

ಈಗ ಕಷ್ಟದ ಭಾಗ.

2021ರ ನವೆಂಬರ್. ನೆನಪಿದ್ಯಾ, ಆ ವರ್ಷ ನವೆಂಬರ್ ಪೂರ್ತಿ ಮಳೆ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಬಂದಿತ್ತು. ರಾಗಿ ಹುಲ್ಲು ಕಪ್ಪಾಗಿ ಹೋಯ್ತು, ಹುಲ್ಲಿನ ರೇಟು ಏರಿತು. ಆ ತಿಂಗಳು ನಾನು ಎಲ್ಲ ಖರ್ಚಿನ ಮೇಲೂ ಕಣ್ಣಿಟ್ಟಿದ್ದೆ. "ಡಾಕ್ಟರ್" ಕಾಲಂನಲ್ಲಿ 2,000 ದಾಟಬಾರದು ಅಂತ ನಾನೇ ಮಾಡಿಕೊಂಡ ರೂಲ್. 1,800 ಆಗಲೇ ಆಗಿತ್ತು.

ಗೌರಿ ಮಧ್ಯಾಹ್ನ ಎರಡು ಗಂಟೆಗೆ ಕರು ಹಾಕಿದಳು. ಗಂಡು ಕರು. ಸುಸೂತ್ರವಾಗಿ ಆಯ್ತು, ಮಾಸೂ ಬಿತ್ತು. ಸಂಜೆ ಕೆಚ್ಚಲು ಒಡೆಯೋ ಹಾಗಿತ್ತು, ನಾನು ಖುಷಿಯಲ್ಲಿ ಪೂರ್ತಿ ಕರೆದುಬಿಟ್ಟೆ. ಅಮ್ಮ ಗಿಣ್ಣು ಮಾಡಿ ನಾಲ್ಕು ಮನೆಗೆ ಹಂಚಿದರು. ರಾತ್ರಿ ಒಂಬತ್ತಕ್ಕೆ ಕೊಟ್ಟಿಗೆಗೆ ಹೋದಾಗ ಹಿಂಗಾಲು ತೂರಾಡ್ತಿತ್ತು. ಆಮೇಲೆ ಕೂತಳು. ಕತ್ತು ತಿರುಗಿಸಿ ತಲೆನ ಹೊಟ್ಟೆ ಪಕ್ಕಕ್ಕೆ ಒರಗಿಸಿಕೊಂಡು ಮಲಗಿದಳು, ಕರು ಪಕ್ಕದಲ್ಲೇ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ನಾನು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. "ತಾಯಿ ಮಗು ಕ್ಷೇಮ" ಅಂತ ಬರೆದು, ಎರಡು ಹಾರ್ಟ್.

ಅಪ್ಪ ಬಂದು ಕಿವಿ ಮುಟ್ಟಿ, "ತಣ್ಣಗಿದೆ ಕಣೋ, ಡಾಕ್ಟರಿಗೆ ಫೋನ್ ಮಾಡು" ಅಂದರು. ಮಳೆಗೆ ತಣ್ಣಗಿರುತ್ತೆ, ಸುಸ್ತಾಗಿದ್ದಾಳೆ, ಬೆಳಿಗ್ಗೆ ಮಾಡೋಣ ಅಂದೆ. ರಾತ್ರಿ ಹೊತ್ತು ಕರೆಸಿದ್ರೆ ಪೆಟ್ರೋಲು, ಔಷಧಿ ಎಲ್ಲ ಸೇರಿ 1,500 ಆಗುತ್ತೆ ಅಂತ ನನ್ನ ತಲೇಲಿ ಲೆಕ್ಕ ಓಡ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಬೆಲ್ಲದ ನೀರು ಕುಡಿಸೋಕೆ ಹೋದೆ, ಕುಡೀಲಿಲ್ಲ. ಗೋಣಿಚೀಲ ಹೊದಿಸಿ ಬಂದು ಮಲಗಿದೆ.

ನಾಲ್ಕೂವರೆಗೆ ಅಮ್ಮ ಎಬ್ಬಿಸಿದರು. ಗೌರಿ ಒಂದು ಪಕ್ಕಕ್ಕೆ ಕಾಲು ಚಾಚಿ ಬಿದ್ದಿದ್ದಳು, ಹೊಟ್ಟೆ ಉಬ್ಬಿತ್ತು. ಉಸಿರು ಇರಲಿಲ್ಲ. ಕರು ಅವಳ ಕೆಚ್ಚಲಿಗೆ ಬಾಯಿ ಹಾಕ್ತಿತ್ತು.

ಇದಕ್ಕೆ ಹಾಲು ಜ್ವರ ಅಂತಾರೆ. ಹೆಸರಲ್ಲಿ ಜ್ವರ ಇದೆ, ಆದರೆ ಮೈ ಬಿಸಿ ಆಗಲ್ಲ, ತಣ್ಣಗಾಗುತ್ತೆ. ಕರು ಹಾಕಿದ ತಕ್ಷಣ ಗಿಣ್ಣು ಹಾಲಿಗೆ ಕ್ಯಾಲ್ಸಿಯಂ ಒಂದೇ ಸಲ ಹರಿದು ಹೋಗುತ್ತೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತೆ. ಸ್ನಾಯು ಕೆಲಸ ಮಾಡೋಕೆ ಕ್ಯಾಲ್ಸಿಯಂ ಬೇಕು. ಮೊದಲು ಕಾಲು ಸೋಲುತ್ತೆ, ಆಮೇಲೆ ಹೊಟ್ಟೆ ನಿಲ್ಲುತ್ತೆ, ಕೊನೆಗೆ ಹೃದಯ. ಕರು ಹಾಕಿದ ಮೊದಲ ಎರಡು ಮೂರು ದಿನದಲ್ಲಿ ಹೆಚ್ಚು. ಚಿಕಿತ್ಸೆ ಏನು ಗೊತ್ತಾ? ಡಾಕ್ಟರ್ ಬಂದು ಕ್ಯಾಲ್ಸಿಯಂ ಬಾಟಲಿನ ರಕ್ತನಾಳಕ್ಕೆ ನಿಧಾನವಾಗಿ ಏರಿಸೋದು. ಬಾಟಲಿ ಬೆಲೆ ಕೆಲವು ನೂರು ರೂಪಾಯಿ. ಸರಿಯಾದ ಸಮಯಕ್ಕೆ ಕೊಟ್ರೆ ಎಷ್ಟೋ ಹಸುಗಳು ಬಾಟಲಿ ಮುಗಿಯೋ ಹೊತ್ತಿಗೆ ಎದ್ದು ನಿಲ್ತವೆ. ಆಮೇಲೆ ಬೇರೆಯವರ ಮನೇಲಿ ನಾನೇ ಕಣ್ಣಾರೆ ನೋಡಿದ್ದೀನಿ. ಸತ್ತಂತೆ ಬಿದ್ದಿದ್ದ ಹಸು ತೇಗಿ, ಸಗಣಿ ಹಾಕಿ, ಎದ್ದು ನೀರು ಕುಡೀತು. ನನಗೆ ಅಲ್ಲಿ ನಿಲ್ಲೋಕಾಗದೆ ಹೊರಗೆ ಬಂದುಬಿಟ್ಟೆ.

ಬೆಳಿಗ್ಗೆ ಬಂದ ಡಾಕ್ಟರ್ ಬಾಯಿ ತೆಗೆದು ಹಲ್ಲು ನೋಡಿ, "ಎಷ್ಟನೇ ಸೂಲು ಅಂತ ಕೊಂಡಿದ್ರಿ?" ಅಂದರು. ಎರಡನೇದು ಅಂತ ಕೊಂಡೆ, ಇದು ಮೂರನೇದು ಅಂದೆ. "ಕಡಿಮೆ ಅಂದ್ರೂ ಐದು" ಅಂದರು. ವಯಸ್ಸಾದ, ಹೆಚ್ಚು ಹಾಲು ಕೊಡೋ ಹಸುಗಳಿಗೆ ಇದು ಜಾಸ್ತಿ ಬರುತ್ತೆ, ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳೋ ಶಕ್ತಿ ಕಡಿಮೆ ಆಗಿರುತ್ತೆ ಅಂತ ವಿವರಿಸಿದರು. ಇನ್ನೊಂದು ವಿಷಯ ಕೇಳಿ ನನಗೆ ತಲೆ ತಿರುಗಿತು. ಕರು ಹಾಕೋ ಮುಂಚಿನ ಒಂದು ತಿಂಗಳು ನಾನು ಅಂಗಡಿಯಿಂದ ಕ್ಯಾಲ್ಸಿಯಂ ಟಾನಿಕ್ ತಂದು ದಿನಾ ಕುಡಿಸಿದ್ದೆ, ಒಳ್ಳೇದಾಗಲಿ ಅಂತ. ಅದು ಉಲ್ಟಾ. ಆ ತಿಂಗಳು ಹೊರಗಿಂದ ಧಾರಾಳವಾಗಿ ಸಿಕ್ಕಿಬಿಟ್ರೆ ಮೂಳೆಯಿಂದ ತೆಗೆಯೋ ವ್ಯವಸ್ಥೆ ಮಲಗಿಬಿಡುತ್ತೆ, ಕರು ಹಾಕಿದ ದಿನ ಅದು ಬೇಗ ಏಳಲ್ಲ. ಜೊತೆಗೆ ಮೊದಲ ದಿನವೇ ಕೆಚ್ಚಲು ಬರಿದು ಮಾಡಿದ್ದು. ಕರುವಿಗೆ ಬೇಕಾದಷ್ಟು ಕರೆದು, ಉಳಿದದ್ದನ್ನ ಕೆಚ್ಚಲಲ್ಲೇ ಬಿಡಬೇಕಿತ್ತು.

ನಾನು ಫೋನ್ ತೆಗೆದು ಆ ಫೋಟೋ ತೋರಿಸಿದೆ. ಯಾಕೆ ತೋರಿಸಿದೆನೋ ಗೊತ್ತಿಲ್ಲ. ಡಾಕ್ಟರ್ ನೋಡಿ ವಾಪಸ್ ಕೊಟ್ಟರು. "ಇದನ್ನ ನಂಗೆ ಕಳಿಸಿದ್ರೆ ಸಾಕಿತ್ತು" ಅಂದರು. ಕತ್ತು ಹೊಟ್ಟೆ ಕಡೆ ತಿರುಗಿಸಿ ಮಲಗೋದು ಹಾಲು ಜ್ವರದ ಅತಿ ಪರಿಚಿತ ಲಕ್ಷಣ. ನನ್ನ ಸ್ಟೇಟಸ್ ಅನ್ನ 112 ಜನ ನೋಡಿದ್ದರು.

ವಿಮೆ ಇತ್ತು. ಆದರೆ ಕಿವಿಯ ಟ್ಯಾಗ್ ಸೆಪ್ಟೆಂಬರ್‌ನಲ್ಲಿ ಬಿದ್ದುಹೋಗಿತ್ತು. ಹೊಸದು ಹಾಕಿಸಬೇಕು ಅಂತ ಫೋನ್‌ನಲ್ಲಿ ಬರೆದಿಟ್ಟಿದ್ದೆ, ಹಾಕಿಸಿರಲಿಲ್ಲ. ವಿಮೆಗೆ ಹಸುವಿನ ಗುರುತು ಅಂದ್ರೆ ಆ ಟ್ಯಾಗ್ ನಂಬರೇ. ಟ್ಯಾಗ್ ಇಲ್ಲ ಅಂದ್ರೆ ಕ್ಲೇಮ್ ಇಲ್ಲ, ಪಾಲಿಸಿಯಲ್ಲೇ ಬರೆದಿತ್ತು. ಬೇರೆಯವರ ಲೆಕ್ಕಪತ್ರದಲ್ಲಿ ಒಂದು ವೋಚರ್ ಇಲ್ಲ ಅಂದ್ರೆ ಕೆಂಪು ಪೆನ್ನಲ್ಲಿ ಗುರುತು ಹಾಕ್ತಿದ್ದೋನು ನಾನು.

ಇನ್ನು ಆ ಕರು.

ನಮ್ಮಜ್ಜಿ ಕಾಲದಲ್ಲಿ ಮನೇಲಿ ಹಳ್ಳಿಕಾರ್ ಇತ್ತು. ಹಳ್ಳಿಕಾರ್ ಹಸು ಹಾಲು ಕೊಡೋದು ಎರಡು ಮೂರು ಲೀಟರ್, ಮನೆಗೆ ಸಾಕಾಗೋಷ್ಟು. ಅಲ್ಲಿ ಆಸ್ತಿ ಅಂದ್ರೆ ಗಂಡು ಕರುವೇ. ಬೆಳೆಸಿ, ಜೋಡಿ ಮಾಡಿ, ಉಳುಮೆ ಕಲಿಸಿ, ಸಿದ್ಧಗಂಗೆ ಜಾತ್ರೆಯ ದನಗಳ ಸಂತೆಗೆ ಹೊಡ್ಕೊಂಡು ಹೋದ್ರೆ ಆ ವರ್ಷದ ದೊಡ್ಡ ಆದಾಯ ಅದು. ಈಗಲೂ ಒಳ್ಳೇ ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ ಇದೆ. ಗಂಡು ಕರು ಹುಟ್ಟಿದ್ರೆ ಅಜ್ಜಿ ಬೆಲ್ಲ ಹಂಚ್ತಿದ್ದರಂತೆ. ಎಚ್‌ಎಫ್ ಬಂದ ಮೇಲೆ ಲೆಕ್ಕ ತಲೆಕೆಳಗಾಯ್ತು. ಎಚ್‌ಎಫ್ ಹೋರಿಗೆ ನೊಗ ಕೂರೋ ಹಿಳಲು ಇಲ್ಲ, ಬಿಸಿಲಲ್ಲಿ ದುಡಿಯಲ್ಲ. ಉಳುಮೆಗೆ ಹೇಗೂ ಟ್ರ್ಯಾಕ್ಟರ್ ಬಂದಿದೆ. ಹಸು ಹಾಲು ಕೊಡಬೇಕು ಅಂದ್ರೆ ಕರು ಹಾಕಲೇಬೇಕು, ಹಾಕೋ ಕರುಗಳಲ್ಲಿ ಅರ್ಧ ಗಂಡು. ಇಷ್ಟು ಸರಳ ವಿಷಯ. ನನ್ನ ಶೀಟ್‌ನಲ್ಲಿ "ಕರು ಮಾರಾಟ" ಅಂತ ಒಂದು ಸಾಲಿತ್ತು, ಅದರಲ್ಲಿ ಎಲ್ಲ ಕರುಗಳೂ ಹೆಣ್ಣೇ. ಗಂಡು ಕರುವಿಗೆ ಕಾಲಂ ಇರಲಿಲ್ಲ. ನಾನು ನೋಡಿದ ಒಂದು ವಿಡಿಯೋದಲ್ಲೂ ಗಂಡು ಕರು ಕಾಣಲಿಲ್ಲ. ನೀವು ಯಾವುದಾದ್ರೂ ಡೈರಿ ವಿಡಿಯೋ ಹಾಕಿ ನೋಡಿ, ಹೆಣ್ಣು ಕರುಗಳ ಸಾಲು ತೋರಿಸ್ತಾರೆ. ಉಳಿದವು ಎಲ್ಲಿ ಅಂತ ಕೇಳಿ.

ಅಮ್ಮ ಆ ಕರುನ ಬಾಟಲಿ ಹಾಲು ಕುಡಿಸಿ ಸಾಕಿದರು. ದಿನಕ್ಕೆ ಮೂರು ಲೀಟರ್. ನಾನು ಮಲಗಿಕೊಂಡು ಲೆಕ್ಕ ಹಾಕ್ತಿದ್ದೆ, 90 ರೂಪಾಯಿ, ತಿಂಗಳಿಗೆ 2,700. ಮೊದಲು ಮೂರು ಲೀಟರ್ ಎರಡಾಯ್ತು. ಆಮೇಲೆ ಅದಕ್ಕೂ ನೀರು ಬೆರೆಸಿ ಅಂದೆ. ಕರು ಸೊರಗಿತು. ಆ ವರ್ಷ ಜನವರಿಯಲ್ಲೇ ಜಾನುವಾರು ಹತ್ಯೆ ತಡೆಯ ಹೊಸ ಕಾನೂನು ಜಾರಿಗೆ ಬಂದಿತ್ತು. ಅದರ ಸರಿತಪ್ಪು ಇನ್ನೊಂದು ದೊಡ್ಡ ಚರ್ಚೆ, ಇವತ್ತು ಬೇಡ. ನಮ್ಮೂರಲ್ಲಿ ನಾನು ಕಂಡಿದ್ದು ಇಷ್ಟು: ದನ ಗಾಡಿಗೆ ಹತ್ತಿಸೋಕೇ ಜನ ಹೆದರ್ತಿದ್ದರು, ಗಂಡು ಕರು ಕೇಳೋರು ಇರಲಿಲ್ಲ, ರಾತ್ರೋರಾತ್ರಿ ರಸ್ತೆಗೆ ಬಿಟ್ಟು ಬಂದೋರೂ ಇದ್ದರು.

ಒಂದು ಸಂಜೆ ಅಮ್ಮ ಹೊಲದಲ್ಲಿದ್ದಾಗ ಗೂಡ್ಸ್ ಆಟೋದಲ್ಲಿ ಒಬ್ಬ ಬಂದ. ಕರು ಇದ್ಯಂತಲ್ಲ ಅಂದ. 300 ರೂಪಾಯಿ ಕೊಟ್ಟ. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಉತ್ತರ ಕೊಡ್ತಿದ್ದನೋ ಏನೋ, ಅದಕ್ಕೇ ಕೇಳಲಿಲ್ಲ. ಗೋಶಾಲೆಗೆ ಒಂದು ಫೋನ್ ಮಾಡಬಹುದಿತ್ತು, ಅದನ್ನೂ ಮಾಡಲಿಲ್ಲ. ಕರು ನನ್ನ ಕೈಬೆರಳು ಚೀಪ್ತಿತ್ತು, ಬಾಟಲಿ ತಂದಿದ್ದೀನಿ ಅಂದ್ಕೊಂಡು. ಅಮ್ಮ ಬಂದು ಕೇಳಿದಾಗ "ಯಾರೋ ಸಾಕೋಕೆ ಬೇಕು ಅಂದ್ರು" ಅಂದೆ. ಅಮ್ಮ ಏನೂ ಮಾತಾಡಲಿಲ್ಲ, ಬಾಟಲಿ ತೊಳೆದು ಮಾಡಿನ ಮೇಲಿಟ್ಟರು. ರಾತ್ರಿ ಲ್ಯಾಪ್‌ಟಾಪ್ ತೆಗೆದು ಆ 300 ರೂಪಾಯಿನ "ಇತರೆ ಆದಾಯ" ಅಂತ ಬರೆದೆ.

ಈ ಎಪಿಸೋಡ್ ಮಾಡೋಕೆ ಒಂದು ತಿಂಗಳು ತಗೊಂಡಿದ್ದು ಈ ಭಾಗಕ್ಕೇ. ಹಾಲು ಜ್ವರ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಜನ ಸಮಾಧಾನ ಹೇಳ್ತಾರೆ. ಕರುವಿನ ವಿಷಯದಲ್ಲಿ ನನಗೆ ಎಲ್ಲ ಗೊತ್ತಿತ್ತು.

ಮುಂದಿನದ್ದು ಬೇಗ ಹೇಳ್ತೀನಿ. 2022ರಲ್ಲಿ ಚರ್ಮಗಂಟು ರೋಗ ಬಂತು. ನೊಣ, ಸೊಳ್ಳೆ ಕಚ್ಚಿ ಹರಡೋ ವೈರಸ್. ಮೈತುಂಬಾ ಗಂಟು, ಜ್ವರ, ಕಾಲು ಬಾವು. ಆಗ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕ್ತಿದ್ದರು. ನಮ್ಮ ನಾಲ್ಕಕ್ಕೆ ಲಸಿಕೆ ಆಗಿತ್ತು. ಒಂದು ಹಸುಗೆ ಆ ದಿನ ಬೇರೆ ಚಿಕಿತ್ಸೆ ನಡೀತಿತ್ತು, ಆಮೇಲೆ ಹಾಕಿಸೋಣ ಅಂತ ಬಿಟ್ಟಿದ್ದೆ. ಅದಕ್ಕೇ ಬಂತು. ಬದುಕಿತು, ಹಾಲು ಹೋಯ್ತು. 2023ರ ಮಾರ್ಚ್‌ನಲ್ಲಿ ನಾಲ್ಕು ಹಸು ಮಾರಿದೆ. ಸಾಲದಲ್ಲಿ ಇನ್ನೂ ಎರಡು ಲಕ್ಷ ಉಳಿದಿತ್ತು, ಅದನ್ನ ಮತ್ತೆ ಬೆಂಗಳೂರಿಗೆ ಹೋಗಿ ಸಂಬಳದಲ್ಲಿ ತೀರಿಸಿದೆ. ಈ ಪಾಡ್‌ಕಾಸ್ಟ್ ಶುರುವಾಗಿದ್ದೂ ಆಗಲೇ.

ಹಳೇ ಶೀಟ್ ತೆಗೆದು ಒಮ್ಮೆ ಸರಿಯಾಗಿ ಬರೆಯೋಣ ಅಂತ ಕೂತೆ. ಆಗ ಇನ್ನೊಂದು ಕಾಣಿಸ್ತು. ಕೂಲಿ ಅನ್ನೋ ಕಾಲಂನಲ್ಲಿ ಸೊನ್ನೆ ಇತ್ತು. "ಮನೆಯವರೇ ಮಾಡ್ತಾರೆ" ಅಂತ ಪಕ್ಕದಲ್ಲಿ ಕಾಮೆಂಟ್. ಅಂದ್ರೆ ಅಮ್ಮ. ಸಗಣಿ ಬಾಚೋದು, ಹುಲ್ಲು ಕೊಯ್ಯೋದು, ನಾನು ಮದುವೆ ಅಂತ ಹೋದಾಗ ಎರಡು ಹೊತ್ತು ಕರೆಯೋದು. ದಿನಕ್ಕೆ ಐದು ಗಂಟೆ ಅಂದ್ರೂ ಎರಡೂವರೆ ವರ್ಷದಲ್ಲಿ 4,500 ಗಂಟೆ ದಾಟುತ್ತೆ. ಗಂಟೆಗೆ 40 ರೂಪಾಯಿ ಹಾಕಿದೆ. 1,80,000. ಅಷ್ಟು ದಿನ ನಾನು "ಹೆಚ್ಚೇನೂ ನಷ್ಟ ಆಗಲಿಲ್ಲ, ಸ್ವಲ್ಪ ಅಷ್ಟೇ" ಅಂತ ಎಲ್ಲರಿಗೂ ಹೇಳ್ತಿದ್ದೆ. ಅಮ್ಮನ ಮಂಡಿ ನೋವು ಆ ಶೀಟ್‌ನಲ್ಲಿ ಎಲ್ಲೂ ಬರಲ್ಲ, ಅದು ಬಿಡಿ.

ಕಾಮರ್ಸ್ ಓದಿದೋರಿಗೆ ಒಂದು ಸಣ್ಣ ಮಾತು. ನಾನು ಹಸುಗಳಿಗೆ ಯಂತ್ರದ ಥರ ವರ್ಷಕ್ಕೆ ಶೇ 15 ಸವಕಳಿ ಹಾಕಿದ್ದೆ. ಹೈನು ಹಸುವಿನಂಥ ಜೀವಂತ ಆಸ್ತಿಗೆ ಇಂಡ್ ಎಎಸ್ 41 ಅಂತ ಬೇರೆಯದೇ ಲೆಕ್ಕಮಾನದಂಡ ಇದೆ, ಅದರಲ್ಲಿ ಸವಕಳಿ ಅಲ್ಲ, ಆಗಾಗ ಅದರ ಇವತ್ತಿನ ಬೆಲೆ ನೋಡಿ ಬರೀಬೇಕು. ಅಂದ್ರೆ ಕೊಟ್ಟಿಗೆಗೆ ಹೋಗಿ ಹಸು ನೋಡಬೇಕು. ಅದು ಕಂಪನಿಗಳಿಗೆ, ನಮ್ಮಂಥೋರಿಗೆ ಅನ್ವಯ ಆಗಲ್ಲ, ಆದರೆ ಓದಿದಾಗ ನಗು ಬಂತು.

ಹಾಗಾದ್ರೆ ಡೈರಿ ಮಾಡಲೇಬೇಡಿ ಅಂತೀಯಾ ಅಂತ ಕೇಳಬಹುದು. ಇಲ್ಲ. ನಮ್ಮೂರಲ್ಲೇ ಎರಡು ಮೂರು ಹಸು ಇಟ್ಟುಕೊಂಡು ಮಕ್ಕಳನ್ನ ಓದಿಸಿದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಸ್ವಂತ ಮೇವಿದೆ, ಹಸುವಿನ ನಡಿಗೆ ನೋಡಿಯೇ ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತೆ. ನನಗೆ ಮೆಸೇಜ್ ಮಾಡಿದೋರಿಗೆ ನಾನು ಹೇಳೋದು, ಬಂಡವಾಳ ಎಷ್ಟು ಅಂತ ಕೇಳೋ ಮೊದಲು ಅಂಥವರ ಕೊಟ್ಟಿಗೆಯಲ್ಲಿ ಮೂರು ತಿಂಗಳು ಸಗಣಿ ಎತ್ತಿ. ಆರು ಹಸು ಒಟ್ಟಿಗೆ ತರಬೇಡಿ, ಎರಡು ತನ್ನಿ, ಅದೂ ಆರು ತಿಂಗಳ ಅಂತರದಲ್ಲಿ ಕರು ಹಾಕೋ ಹಾಗೆ, ಒಂದು ಬತ್ತಿದಾಗ ಇನ್ನೊಂದು ಕೊಡಲಿ. ಮೇವು ಬೆಳೆದ ಮೇಲೆ ಹಸು ತನ್ನಿ, ಹಸು ತಂದ ಮೇಲೆ ಮೇವು ಹುಡುಕಬೇಡಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ತಪ್ಪಿಸಬೇಡಿ. ಮದುವೆ ಮನೇಲಿ ಉಳಿದ ಅನ್ನ, ಪಾಯಸ ತಂದು ಹಸುಗೆ ಸುರೀಬೇಡಿ, ಹೊಟ್ಟೆಯೊಳಗೆ ಆಮ್ಲ ಆಗಿ ಸಾಯುತ್ತೆ, ಪ್ರೀತಿಗೆ ಹಾಕಿ ಸಾಯಿಸಿದೋರು ಬೇಕಾದಷ್ಟು ಜನ ಇದ್ದಾರೆ. ಮತ್ತೆ 1962 ಅನ್ನೋ ನಂಬರ್ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ, ಅದು ಪಶು ಚಿಕಿತ್ಸೆಯ ಸಹಾಯವಾಣಿ.

ಈಗ ನಮ್ಮನೇಲಿ ಎರಡೇ ಹಸು. ಹಾಲಿನ ದುಡ್ಡು ಅಮ್ಮನ ಖಾತೆಗೆ ಹೋಗುತ್ತೆ, ನಾನು ಅದರ ಲೆಕ್ಕ ಕೇಳಲ್ಲ. ನಾನು ವಾರಕ್ಕೆ ಮೂರು ದಿನ ಊರಲ್ಲಿರ್ತೀನಿ. ಹಸುಗೆ ಈಗ ಲಿಂಗ ನಿರ್ಧರಿತ ವೀರ್ಯ ಹಾಕಿಸ್ತೀವಿ, ಅದರಲ್ಲಿ ಸುಮಾರು ಶೇ 90ರಷ್ಟು ಹೆಣ್ಣು ಕರು ಆಗುತ್ತೆ. ಹತ್ತರಲ್ಲಿ ಒಂದು ಆಗಲ್ಲ. ಆ ಒಂದಕ್ಕೆ ಏನು ಮಾಡ್ತೀವಿ ಅಂತ ಮೊದಲೇ ಮಾತಾಡಿ ಇಟ್ಟಿದ್ದೀವಿ. ಇಲ್ಲೇ ಇರುತ್ತೆ, ಗೊಬ್ಬರಕ್ಕಾಯ್ತು ಅಂತಾರೆ ಅಮ್ಮ. ಹೋದ ವರ್ಷ ಒಂದು ಹಾಗೇ ಗಂಡು ಹುಟ್ಟಿತು. ಅದು ಈಗ ನಮ್ಮ ಹಿತ್ತಲಲ್ಲಿ ಬಾಳೆಗಿಡ ಮುರಿಯೋ ಕೆಲಸದಲ್ಲಿದೆ.

ಇನ್ನೊಂದು ಹಸು ಗೌರಿಯ ಮಗಳು. ಅವತ್ತು ಹಬ್ಬದ ವಾರ ತಾಯಿ ಜೊತೆ ಬಂದ ಒಂದು ತಿಂಗಳ ಕರು. ಹೆಸರು ಚುಕ್ಕಿ. ಈ ರೆಕಾರ್ಡಿಂಗ್ ನಾನು ಮಾಡ್ತಿರೋದು ಕೊಟ್ಟಿಗೆ ಪಕ್ಕದ ರೂಮಿಂದ, ಹಿಂದೆ ಸರಪಳಿ ಸದ್ದು ಕೇಳ್ತಿದ್ರೆ ಅದು ಅವಳದ್ದೇ, ಎಡಿಟ್‌ನಲ್ಲಿ ತೆಗೆಯಲ್ಲ. ಇದು ಅವಳ ಮೂರನೇ ಸೂಲು, ದಿನ ತುಂಬಿದೆ, ಕೆಚ್ಚಲು ಇಳಿದಿದೆ. ಇವತ್ತೋ ನಾಳೆಯೋ. ಡಾಕ್ಟರಿಗೆ ಸಂಜೆಯೇ ಹೇಳಿ ಇಟ್ಟಿದ್ದೀನಿ, ಎಷ್ಟೊತ್ತಿಗಾದ್ರೂ ಫೋನ್ ಮಾಡಿ ಅಂದಿದ್ದಾರೆ. ಕ್ಯಾಲ್ಸಿಯಂ ಬಾಟಲಿ ತಂದು ಮಾಡಿನ ಮೇಲೆ ಇಟ್ಟಿದ್ದೀನಿ, ಆ ಹಳೇ ಹಾಲಿನ ಬಾಟಲಿ ಪಕ್ಕದಲ್ಲಿ.

ಮುಂದಿನ ವಾರದ ಎಪಿಸೋಡ್ ಒಂದೆರಡು ದಿನ ತಡ ಆಗಬಹುದು, ಬೈಕೋಬೇಡಿ. ಈಗ ಹೋಗಿ ಅವಳ ಕಿವಿ ಮುಟ್ಟಿ ನೋಡ್ಕೊಂಡು ಬರ್ತೀನಿ.